ಸವಳು ನೀರಿನ ನಾಡು ಮತ್ತು ವಾಂತಿಭೇದಿ: ಕರುಳಿನ ಒಳಪೊರೆಯನ್ನು ಕುರಿತ ಅಭಿಪ್ರಾಯಗಳ ಇತಿಹಾಸ

೧

ಧಾರವಾಡ ಜಿಲ್ಲೆಯ ಬಯಲುಸೀಮೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಸುಮನೆತನಗಳನ್ನೂ ದೇವಾಲಯಗಳನ್ನೂ ಶಾಸನಗಳನ್ನೂ ಆಧಾರವಾಗಿ ಹಿಡಿಯುವರು. ಅಣ್ಣಿಗೇರಿಯು ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣವಾಗಿದ್ದುದೂ, ಕಲ್ಯಾಣದ ಚಾಲುಕ್ಯರಲ್ಲಿ ಕೊನೆಯವನಾದ ನಾಲ್ವಡಿ ಸೋಮೇಶ್ವರನು ಕ್ರಿ. ಶ. ೧೧೮೪ರ ಅನಂತರ ಅಲ್ಲಿ ರಾಜಧಾನಿಯನ್ನು ಮಾಡಿಕೊಂಡುದೂ ಸುಪ್ರಸಿದ್ಧವಾದ ಸಂಗತಿಗಳು. ಆದರೆ ಈ ನಾಡಿನ ಜನಸಾಮಾನ್ಯರ ಬಾಳನ್ನು ಅರಸರಿಗಿಂತಲೂ ಹೆಚ್ಚಾಗಿ ಆಳಿದುವು ಎರಡು ವಸ್ತುಗಳು: ನೀರು, ಉಪ್ಪು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಮೇಲಿಂದ ಮೇಲೆ ಹಬ್ಬಿದ ವಾಂತಿಭೇದಿಯು ಕೊಂದುದು ಈ ಎರಡನ್ನೂ ದೇಹದಿಂದ ಹೊರಡಿಸಿಯೇ ಆಗಿದೆ. ಆ ರೋಗಿಗೆ ನೀರು ಕೊಡಬೇಕೆ, ಕೊಡಬಾರದೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರವು ದೊರೆಯುವುದಕ್ಕೆ ಸುಮಾರು ನೂರ ನಲವತ್ತು ವರ್ಷಗಳು ಹಿಡಿದುವು. ಆ ವಿಳಂಬಕ್ಕೆ ಮುಖ್ಯ ಕಾರಣವು ಔಷಧದ ಕೊರತೆಯಲ್ಲ. ಕರುಳಿನ ಒಳಪೊರೆಯು ಹರಿದುಹೋಗಿರುವುದೆಂಬ ಒಂದು ತಪ್ಪು ಅಭಿಪ್ರಾಯವು. ಆ ಅಭಿಪ್ರಾಯವು ಹುಟ್ಟಿ, ಬೆಳೆದು, ಬಿದ್ದುಹೋದ ಬಗೆಯನ್ನೂ, ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳಂತಹ ಗ್ರಾಮಪ್ರದೇಶಗಳಿಗೆ ಅದರಿಂದಾದ ಪರಿಣಾಮವನ್ನೂ ವಿವೇಚಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ಕಲಘಟಗಿಯ ಕಡೆ ಮಲೆನಾಡಿನ ಅಂಚು. ಮಳೆ ಹೆಚ್ಚು, ಭತ್ತದ ಗದ್ದೆಗಳುಂಟು, ಕೆರೆಕುಂಟೆಗಳು ಬಹಳ. ಅಲ್ಲಿಂದ ಮೂಡಲಿಗೆ ಕುಂದಗೋಳ, ಅಣ್ಣಿಗೇರಿ, ನವಲಗುಂದಗಳ ಕಡೆಗೆ ಸಾಗಿದಂತೆಲ್ಲ ಮಸಾರಿ ನೆಲವು ಹಿಂದೆ ಉಳಿದು ಎರೆಯ ನೆಲವು ಹರಡಿಕೊಳ್ಳುತ್ತದೆ. ಜೋಳ, ಹತ್ತಿ, ಗೋದಿ, ಕಡಲೆಗಳಿಗೆ ಈ ನೆಲವು ಹೆಸರಾದುದು. ಕುಡಿಯುವ ನೀರಿಗೆ ಮಾತ್ರ ಬಡವಾದುದು. ಎರೆಮಣ್ಣು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲ. ಬೇಸಗೆಯ ಬಿಸಿಲಿಗೆ ಮಣ್ಣಿನ ತೇವವು ಆರಿಹೋದಂತೆಲ್ಲ ಅದರಲ್ಲಿ ಕರಗಿದ್ದ ಲವಣಗಳು ಅಲ್ಲಿಯೇ ಉಳಿಯುತ್ತವೆ. ಆದುದರಿಂದಲೇ ನವಲಗುಂದದ ಬಯಲಿನಲ್ಲಿ ತೋಡಿದ ಬಾವಿಗಳ ನೀರು ಬಹುಮಟ್ಟಿಗೆ ಸವಳು. ೧೮೮೪ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಗ್ಯಾಜೆಟಿಯರಿನ ಧಾರವಾಡ ಸಂಪುಟದಲ್ಲಿಯೂ ಈ ಸಂಗತಿಯು ನಮೂದಾಗಿದೆ.

ಹೀಗಾಗಿ ಜನರು ಕುಡಿಯುವ ನೀರಿಗೆ ಕೆರೆಗಳನ್ನೇ ನಂಬಬೇಕಾಯಿತು. ಕೆರೆಯನ್ನು ಕಟ್ಟಿಸುವುದು, ಒಡೆದ ಕೆರೆಯನ್ನು ಸರಿಮಾಡಿಸುವುದು, ಅದಕ್ಕಾಗಿ ಬಿತ್ತುವಟ್ಟವಾಗಿ ಭೂಮಿಯನ್ನು ಬಿಡುವುದು ಕನ್ನಡ ಶಾಸನಗಳಲ್ಲಿ ಎಷ್ಟು ಸಲ ಬರುವ ವಿಷಯವೆಂಬುದನ್ನು ವಿದ್ವಾಂಸರು ಬಲ್ಲರು. ಬಯಲುಸೀಮೆಯಲ್ಲಿ ಅದು ಕೇವಲ ಪುಣ್ಯಕಾರ್ಯವಾಗಿರಲಿಲ್ಲ. ಊರು ಉಳಿಯುವುದಕ್ಕೆ ಅದೇ ಉಪಾಯವಾಗಿದ್ದಿತು. ಉಪ್ಪಿಲ್ಲದ ನೀರನ್ನು ಕನ್ನಡಿಗರು ‘ಸಿಹಿನೀರು’ ಎಂದು ಕರೆಯುವುದು ಇಂತಹ ನೆಲದ ಅನುಭವಕ್ಕೆ ಚೆನ್ನಾಗಿ ಒಪ್ಪುತ್ತದೆ. ಸವಳುಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಬತ್ತಿಸಿ ಉಪ್ಪನ್ನು ತೆಗೆಯುವ ಕಸಬಿನಿಂದಲೇ ಉಪ್ಪಾರರಿಗೆ ಆ ಹೆಸರು ಬಂದಿತು. ಉಪ್ಪಿನ ಮೇಲೆ ಸರಕಾರದ ಏಕಸ್ವಾಮ್ಯವು ಬಿಗಿಯಾದ ಮೇಲೆ ಆ ಕಸಬು ಕ್ಷೀಣಿಸಿ, ಅವರಲ್ಲಿ ಅನೇಕರು ಕಲ್ಲುಮಣ್ಣಿನ ಕೆಲಸಕ್ಕೆ ತಿರುಗಿದರು.

ಕೆರೆಯ ನೀರು ಸಿಹಿಯಾದರೂ ತೆರೆದ ನೀರು. ಒಂದೇ ಕೆರೆಯಲ್ಲಿ ಜನರೂ ದನಗಳೂ ಇಳಿಯುವರು. ಬೇಸಗೆಯ ಕೊನೆಯಲ್ಲಿ ನೀರು ತಳಕ್ಕೆ ಮುಟ್ಟಿದಾಗಲೂ, ಮೊದಲ ಮಳೆಯು ಊರಿನ ಹೊಲಸನ್ನೆಲ್ಲ ತೊಳೆದು ಕೆರೆಗೆ ತಂದಾಗಲೂ ಆ ನೀರೇ ರೋಗದ ದಾರಿಯಾಗುವುದು. ಬಾವಿಯ ನೀರು ಉಪ್ಪು, ಕೆರೆಯ ನೀರು ಅಪಾಯ; ಈ ಇಕ್ಕಟ್ಟಿನಲ್ಲಿಯೇ ಬಯಲಿನ ಊರುಗಳು ಶತಮಾನಗಳನ್ನು ಕಳೆದುವು.

೩

‘ವಿಸೂಚಿಕಾ’ ಎಂಬ ರೋಗವು ಸುಶ್ರುತಸಂಹಿತೆಯಲ್ಲಿಯೇ ಉಕ್ತವಾಗಿದೆ. ಸೂಜಿಯಿಂದ ಚುಚ್ಚಿದಂತೆ ಮೈಯೆಲ್ಲ ನೋಯುವುದರಿಂದ ಅದಕ್ಕೆ ಆ ಹೆಸರು. ವಾಂತಿ, ಭೇದಿ, ಬಾಯಾರಿಕೆ, ಸ್ನಾಯುಗಳ ಸೆಳೆತ ಇವು ಅದರ ಲಕ್ಷಣಗಳು. ಆ ಗ್ರಂಥಕಾರರು ಕಂಡದ್ದು ಈಗಿನ ವಾಂತಿಭೇದಿಯೇ ಅಥವಾ ಬೇರೊಂದು ಅತಿಸಾರವೇ ಎಂಬ ಚರ್ಚೆಯು ಇಲ್ಲಿ ಅಪ್ರಸ್ತುತ. ಚಿಕಿತ್ಸೆಯ ಕ್ರಮವು ಮಾತ್ರ ಗಮನಾರ್ಹವಾದುದು: ಮೊದಲು ಲಂಘನ, ಅಂದರೆ ಉಪವಾಸ, ಆಮೇಲೆ ಗಂಜಿಯಿಂದ ತೊಡಗಿ ಕ್ರಮವಾಗಿ ಆಹಾರ. ಗಂಜಿಯು ಆಗ ರೋಗವು ಇಳಿದ ಮೇಲಿನ ಪಥ್ಯವಾಗಿದ್ದಿತೇ ಹೊರತು ರೋಗದ ನಡುವಿನ ಔಷಧವಾಗಿರಲಿಲ್ಲ. ಈ ಭೇದದ ಮಹತ್ತ್ವವು ಮುಂದೆ ವಿಶದವಾಗುವುದು.

ದೇಶವ್ಯಾಪಿಯಾದ ಮಹಾಮಾರಿಯ ರೂಪದಲ್ಲಿ ವಾಂತಿಭೇದಿಯು ೧೮೧೭ರಲ್ಲಿ ಬಂಗಾಳದಿಂದ ಹೊರಟಿತು. ಆ ವರ್ಷದ ಕೊನೆಯಲ್ಲಿ ಬುಂದೇಲಖಂಡದಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ಸೈನ್ಯವನ್ನು ಹಿಡಿದು, ೧೮೧೮ರಲ್ಲಿ ದಂಡುಗಳ ಹಾಗೂ ವ್ಯಾಪಾರಿಗಳ ದಾರಿಗಳನ್ನೇ ಅನುಸರಿಸಿ ದಖ್ಖನಕ್ಕೆ ಇಳಿಯಿತು. ಪೇಶವೆಯ ಆಳಿಕೆಯು ಕೊನೆಗೊಂಡು ಧಾರವಾಡ ಸೀಮೆಯು ಕಂಪನಿಯ ಕೈಗೆ ಬಂದುದೂ ಅದೇ ವರ್ಷದಲ್ಲಿಯೇ. ಅಲ್ಲಿಂದ ಮುಂದೆ ಈ ರೋಗವು ಜಾತ್ರೆಗಳ ಜೊತೆಗೂ ಬರಗಾಲಗಳ ಜೊತೆಗೂ ತಿರುಗಿ ತಿರುಗಿ ಬರುತ್ತಿದ್ದಿತು. ೧೮೭೬-೭೮ರ ಮಹಾಕ್ಷಾಮದಲ್ಲಿ ಧಾರವಾಡ ಜಿಲ್ಲೆಯು ಬಹಳ ನೊಂದ ಪ್ರದೇಶಗಳಲ್ಲಿ ಒಂದು. ಹಸಿವಿನಿಂದ ಸೊರಗಿ, ನೀರನ್ನು ಹುಡುಕಿಕೊಂಡು ಅಲೆಯುತ್ತಿದ್ದ ಜನರನ್ನು ವಾಂತಿಭೇದಿಯು ಸುಲಭವಾಗಿ ಕೊಂಡೊಯ್ದಿತು.

ಹಳ್ಳಿಗರು ಅದನ್ನು ಮಾರಿಯ ಕೋಪವೆಂದು ತಿಳಿದು ದ್ಯಾಮವ್ವ, ದುರ್ಗವ್ವರಿಗೆ ಹರಕೆ ಹೊತ್ತರು. ಊರಿಗೆ ಊರೇ ಮನೆಗಳನ್ನು ಬರಿದುಮಾಡಿ ಸೀಮೆಯಾಚೆ ಇಳಿದುಕೊಳ್ಳುವ ‘ಹೊರಬೀಡು’ ಎಂಬ ಆಚರಣೆಯು ಕನ್ನಡ ನಾಡಿನ ಈ ಭಾಗದಲ್ಲಿ ಪ್ರಸಿದ್ಧವಾದುದು. ಅದರ ಮೂಲವು ಧಾರ್ಮಿಕವಾದರೂ, ಕೆಟ್ಟ ನೀರನ್ನು ಬಿಟ್ಟು ಬೇರೆ ನೀರಿನ ಬಳಿಗೆ ಹೋದಾಗ ಕೆಲವರಾದರೂ ಉಳಿದಿರಬಹುದು. ಹಾಸಿಗೆ ಹಿಡಿದವನಿಗೆ ಮಾತ್ರ ಅದರಿಂದ ಪ್ರಯೋಜನವಾಗಲಾರದು.

೪

ಪಾಶ್ಚಾತ್ಯ ವೈದ್ಯರ ಚಿಕಿತ್ಸೆಯಾದರೂ ಮೇಲಾಗಿದ್ದಿತೇ? ಆ ಶತಮಾನದ ಬಹುಭಾಗದಲ್ಲಿ ಅವರು ರೋಗಿಯ ರಕ್ತವನ್ನು ತೆಗೆಯುತ್ತಿದ್ದರು. ಪಾದರಸದ ಭಸ್ಮವನ್ನೂ ಅಫೀಮನ್ನೂ ಕೊಡುತ್ತಿದ್ದರು. ನೀರು ನೀರು ಎಂದು ಚೀರುವವನಿಗೆ ನೀರನ್ನು ತಡೆಯುವವರೂ ಅವರಲ್ಲಿ ಇದ್ದರು. ಕುಡಿದುದು ವಾಂತಿಯಾಗುವುದು, ಇಲ್ಲವೆ ಭೇದಿಯನ್ನು ಹೆಚ್ಚಿಸುವುದು ಎಂಬುದೇ ಅವರ ತರ್ಕ.

ಇದಕ್ಕೆ ವಿರುದ್ಧವಾದ ಸಾಕ್ಷ್ಯವು ಬಹು ಮೊದಲೇ ದೊರೆತಿದ್ದಿತು. ೧೮೩೧ರ ಕೊನೆಯಲ್ಲಿ ಇಂಗ್ಲೆಂಡಿಗೆ ವಾಂತಿಭೇದಿಯು ಬಂದಾಗ ಓಶಾಗ್ನೆಸಿ ಎಂಬ ತರುಣ ವೈದ್ಯನು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣವೂ ಕ್ಷಾರವೂ ಕಡಮೆಯಾಗಿರುವುದನ್ನೂ, ಕಳೆದುದೆಲ್ಲವೂ ಮಲದಲ್ಲಿರುವುದನ್ನೂ ತೋರಿಸಿದನು. ಮರುವರ್ಷ ಸ್ಕಾಟ್ಲೆಂಡಿನ ಲೀತ್ ಪಟ್ಟಣದಲ್ಲಿ ಥಾಮಸ್ ಲಟ್ಟಾ ಎಂಬವನು ಉಪ್ಪುನೀರನ್ನು ರಕ್ತನಾಳಕ್ಕೇ ಹೊಯ್ದು, ಸಾಯುತ್ತಿದ್ದ ಕೆಲವರನ್ನು ಎಬ್ಬಿಸಿದನು. ಆದರೆ ಶುದ್ಧವಲ್ಲದ ನೀರು, ಸಾಲದ ಪ್ರಮಾಣ, ಕೊನೆಯ ಗಳಿಗೆಯಲ್ಲಿ ಮಾತ್ರ ಪ್ರಯೋಗ ಇವುಗಳಿಂದ ಅನೇಕರು ಮತ್ತೆ ಮೃತರಾದುದರಿಂದ ಆ ಮಾರ್ಗವು ಮರೆತುಹೋಯಿತು. ಓಶಾಗ್ನೆಸಿಯು ೧೮೩೩ರಲ್ಲಿ ಕಲಕತ್ತೆಗೆ ಬಂದನಾದರೂ ಭಾರತದಲ್ಲಿ ಅವನು ಹೆಸರಾದುದು ತಂತಿಟಪ್ಪೆಯ ಸ್ಥಾಪನೆಗಾಗಿ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಲಕತ್ತೆಯಲ್ಲಿಯೇ ಲಿಯೊನಾರ್ಡ್ ರಾಜರ್ಸ್ ಎಂಬವರು ಸಾಂದ್ರವಾದ ಉಪ್ಪುನೀರನ್ನು ನಾಳದ ಮೂಲಕ ಕೊಟ್ಟು ಮರಣಗಳನ್ನು ಸುಮಾರು ಅರ್ಧಕ್ಕೆ ಇಳಿಸಿದರು.

ಇದು ದೊಡ್ಡ ಮುನ್ನಡೆಯೇ ಸರಿ. ಆದರೆ ನಾಳದ ಚಿಕಿತ್ಸೆಗೆ ಶುದ್ಧಗೊಳಿಸಿದ ದ್ರವ, ಸೂಜಿ, ನುರಿತ ಕೈ, ಆಸ್ಪತ್ರೆ ಇವೆಲ್ಲವೂ ಬೇಕು. ವಾಂತಿಭೇದಿಯ ರೋಗಿಯು ಗಂಟೆಗೆ ಒಂದು ಲೀಟರಿನವರೆಗೂ ನೀರನ್ನು ಕಳೆದುಕೊಳ್ಳಬಲ್ಲನು. ಬೆಳಗಿನಲ್ಲಿ ಗಟ್ಟಿಮುಟ್ಟಾಗಿದ್ದವನು ಸಂಜೆಗೆ ಹೆಣವಾಗಬಹುದು. ಮಳೆಗಾಲದ ಎರೆಮಣ್ಣಿನಲ್ಲಿ ಚಕ್ಕಡಿಯ ಗಾಲಿಯು ಅಚ್ಚಿನವರೆಗೆ ಹೂತುಹೋಗುವ ನಾಡಿನಲ್ಲಿ, ನವಲಗುಂದದ ಒಳಹಳ್ಳಿಯಿಂದ ಹುಬ್ಬಳ್ಳಿಗೋ ಧಾರವಾಡಕ್ಕೋ ಆ ರೋಗಿಯನ್ನು ಸಾಗಿಸುವುದು ಹೇಗೆ? ದವಾಖಾನೆಗಳಿದ್ದುದು ದೊಡ್ಡ ಊರುಗಳಲ್ಲಿ ಮಾತ್ರ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಸ್ಥಾಪಿತವಾದುದು ೧೯೫೭ರಲ್ಲಿ. ಬಾಯಿಯ ಮೂಲಕ ಕೊಡಬಹುದಾದ ಚಿಕಿತ್ಸೆಯೊಂದೇ ಇಂತಹ ಊರುಗಳಿಗೆ ನಿಜವಾದ ಚಿಕಿತ್ಸೆ. ಅದನ್ನು ಯೋಚಿಸುವುದಕ್ಕೇ ಅಡ್ಡವಾಗಿ ನಿಂತಿದ್ದುದು ಹರಿದ ಪೊರೆಯ ಕಲ್ಪನೆ.

೫

ಈ ಕಲ್ಪನೆಯ ಹುಟ್ಟು ಹೀಗೆ. ವಾಂತಿಭೇದಿಯಿಂದ ಸತ್ತವರ ಕರುಳನ್ನು ಕೊಯ್ದು ನೋಡಿದ ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರಿಗೆ ಅದರ ಒಳಪೊರೆಯ ಜೀವಕಣಗಳು ಕಳಚಿ ಬಿದ್ದಂತೆ ಕಂಡುವು. ಭೇದಿಯಲ್ಲಿ ತೇಲುವ ಅಕ್ಕಿಗಂಜಿಯಂತಹ ಬಿಳಿಯ ಚೂರುಗಳು ಆ ಪೊರೆಯವೇ ಎಂದು ಅವರು ಊಹಿಸಿದರು. ಪೊರೆಯೇ ಇಲ್ಲದ ಕರುಳು ನೀರನ್ನು ಹೀರುವುದೆಂತು? ಸತ್ತ ಮೇಲೆ ಕರುಳು ಬೇಗನೆ ಕೊಳೆಯುವುದರಿಂದಲೇ ಹಾಗೆ ಕಾಣುವುದೆಂದು ಕೆಲವರು ಸಂಶಯಿಸಿದ್ದರು. ೧೯೨೩ರಲ್ಲಿ ಗುಡ್‌ಪಾಸ್ಚರ್ ಎಂಬ ರೋಗವಿಜ್ಞಾನಿಯು ಅದನ್ನು ಸ್ಪಷ್ಟವಾಗಿ ಬರೆದರು. ಆದರೂ ಹಳೆಯ ಮತವು ಪಾಠಪುಸ್ತಕಗಳಲ್ಲಿ ಉಳಿದುಕೊಂಡಿತು. ಜೀವಂತ ರೋಗಿಯ ಕರುಳನ್ನು ನೋಡುವ ಸಾಧನವು ಇಲ್ಲದಿದ್ದಾಗ ವಾದವು ತೀರ್ಮಾನವಾಗುವ ಹಾಗಿರಲಿಲ್ಲ.

ತೀರ್ಮಾನವು ಎರಡು ದಿಕ್ಕುಗಳಿಂದ ಬಂದಿತು. ಒಂದನೆಯದು ಕಲಕತ್ತೆಯಿಂದ. ಶಂಭುನಾಥ ಡೇ (೧೯೧೫-೧೯೮೫) ಅವರು ೧೯೫೩ರಲ್ಲಿ ಮೊಲದ ಕರುಳಿನ ಒಂದು ತುಂಡನ್ನು ಎರಡು ಕಡೆಯೂ ಕಟ್ಟಿ, ಅದರೊಳಗೆ ರೋಗಾಣುಗಳನ್ನು ಬಿಟ್ಟಾಗ ಅದು ನೀರಿನಿಂದ ಉಬ್ಬುವುದನ್ನು ತೋರಿಸಿದರು. ೧೯೫೯ರಲ್ಲಿ, ರೋಗಾಣುಗಳನ್ನು ಸೋಸಿ ತೆಗೆದ ಬರಿಯ ದ್ರವವೂ ಅದೇ ಕೆಲಸವನ್ನು ಮಾಡುವುದೆಂದು ಸಿದ್ಧಪಡಿಸಿದರು. ಅಂದರೆ ರೋಗಾಣುವು ಪೊರೆಯನ್ನು ತಿನ್ನುವುದಿಲ್ಲ. ಅದು ಬಿಡುವ ವಿಷವೊಂದು ಪೊರೆಯಿಂದ ನೀರನ್ನು ಸುರಿಸುತ್ತದೆ. ಎರಡನೆಯದು ಸಯಾಮಿನಿಂದ. ೧೯೫೯ರ ಬ್ಯಾಂಕಾಕಿನ ಉಪದ್ರವದಲ್ಲಿ ಗ್ಯಾಂಗರೋಸಾ ಮತ್ತು ಸಂಗಡಿಗರು, ನುಂಗಿಸಬಹುದಾದ ಒಂದು ಸಣ್ಣ ಕೋಶದ ಸಹಾಯದಿಂದ ಜೀವಂತ ರೋಗಿಗಳ ಕರುಳಿನ ಚೂರುಗಳನ್ನು ತೆಗೆದು ನೋಡಿದರು. ೧೯೬೦ರಲ್ಲಿ ಪ್ರಕಟವಾದ ಅವರ ನಿರ್ಣಯ: ಪೊರೆಯು ಇಡಿಯಾಗಿಯೇ ಇದೆ.

೬

ಪೊರೆಯು ಇಡಿಯಾಗಿದ್ದರೆ ಅದನ್ನು ಉಪಯೋಗಿಸಬಹುದು. ಹೇಗೆಂಬುದನ್ನು ತಿಳಿಯಬೇಕಾದರೆ ಅದರ ಸಹಜವಾದ ಕೆಲಸವನ್ನು ಅರಿಯಬೇಕು. ಆರೋಗ್ಯವಂತನ ಕರುಳಿಗೆ ಕುಡಿದ ನೀರೂ ಜೀರ್ಣರಸಗಳೂ ಸೇರಿ ದಿನಕ್ಕೆ ಎಂಟು ಒಂಬತ್ತು ಲೀಟರು ದ್ರವವು ಬರುತ್ತದೆ. ಮಲದಲ್ಲಿ ಹೊರಹೋಗುವುದು ಒಂದು ಲೀಟರಿನ ಹತ್ತರಲ್ಲಿ ಒಂದೆರಡು ಪಾಲು ಮಾತ್ರ. ಉಳಿದುದನ್ನೆಲ್ಲ ಒಂದೇ ಜೀವಕಣದಷ್ಟು ದಪ್ಪವಾದ ಪೊರೆಯು ಹೀರಿಕೊಳ್ಳುತ್ತದೆ. ನೀರನ್ನು ಅದು ನೇರವಾಗಿ ಎಳೆಯುವುದಿಲ್ಲ. ಉಪ್ಪಿನ ವಿದ್ಯುದಂಶಗಳನ್ನು, ಅಂದರೆ ಸೋಡಿಯಂ, ಕ್ಲೋರೈಡುಗಳೆಂಬ ಅಯಾನುಗಳನ್ನು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ. ನೀರು ಅವುಗಳ ಬೆನ್ನುಹತ್ತಿ ಹೋಗುತ್ತದೆ. ಡೆನ್ಮಾರ್ಕಿನ ಹನ್ಸ್ ಉಸ್ಸಿಂಗ್ ಎಂಬವರು ಕಪ್ಪೆಯ ಚರ್ಮವನ್ನು ಎರಡು ಪಾತ್ರೆಗಳ ನಡುವೆ ಬಿಗಿದು, ಅಯಾನುಗಳ ಈ ಪ್ರವಾಹವನ್ನು ವಿದ್ಯುತ್ತಾಗಿ ಅಳೆಯುವ ಉಪಾಯವನ್ನು ೧೯೫೧ರಲ್ಲಿ ಪ್ರಕಟಿಸಿದ್ದರು. ಅದೇ ಉಪಕರಣವು ಆಮೇಲೆ ಕರುಳಿಗೂ ಬಂದಿತು.

೧೯೬೦ರ ಆಗಸ್ಟಿನಲ್ಲಿ ಪ್ರಾಹಾ ನಗರದ ವಿದ್ವತ್ಸಭೆಯಲ್ಲಿ ರಾಬರ್ಟ್ ಕ್ರೇನ್ ಎಂಬವರು, ಸಕ್ಕರೆಯೂ ಸೋಡಿಯಮ್ಮೂ ಒಂದೇ ವಾಹಕವನ್ನೇರಿ ಜೊತೆಯಾಗಿಯೇ ಜೀವಕಣದೊಳಕ್ಕೆ ಹೋಗುವುವೆಂಬ ಸಿದ್ಧಾಂತವನ್ನು ಮುಂದಿಟ್ಟರು. ಒಂದು ಗ್ಲೂಕೋಸಿನ ಅಣುವಿಗೆ ಎರಡು ಸೋಡಿಯಂ ಎಂಬ ಲೆಕ್ಕವು ಆಮೇಲೆ ಸ್ಥಿರವಾಯಿತು. ಆ ವಾಹಕವನ್ನು ನಿರ್ಮಿಸುವ ಜೀನನ್ನು ೧೯೮೭ರಲ್ಲಿ ಬೇರ್ಪಡಿಸಿದರು. ವಾಂತಿಭೇದಿಯ ವಿಷವು ಜೀವಕಣದೊಳಗಿನ ಒಂದು ಸಂದೇಶದ್ರವ್ಯವನ್ನು ಹೆಚ್ಚಿಸಿ ಕ್ಲೋರೈಡಿನ ಬಾಗಿಲನ್ನು ತೆರೆದುಬಿಡುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಂ, ಅದರ ಹಿಂದೆ ನೀರು ಹೊರಕ್ಕೆ ಸುರಿಯುತ್ತವೆ. ಬರಿಯ ಉಪ್ಪು ಒಳಕ್ಕೆ ಹೋಗುವ ಸಾಮಾನ್ಯ ದಾರಿಗೂ ಅಡ್ಡಿಯಾಗುತ್ತದೆ. ಆದರೆ ಸಕ್ಕರೆಯೊಡನೆ ಉಪ್ಪು ಹೋಗುವ ದಾರಿಯನ್ನು ವಿಷವು ಮುಟ್ಟುವುದಿಲ್ಲ. ಆದುದರಿಂದ ಬರಿಯ ಉಪ್ಪುನೀರನ್ನು ಕುಡಿದ ರೋಗಿಗೆ ಪ್ರಯೋಜನವಿಲ್ಲ. ಉಪ್ಪಿಗೆ ತಕ್ಕಷ್ಟು ಸಕ್ಕರೆಯು ಸೇರಿದರೆ ನೀರು ಒಳಕ್ಕೆ ಹೋಗುವುದು.

ಈ ವಿವರಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದಕ್ಕೆ ವಿಜ್ಞಾನಿಗಳು ಕರುಳಿನ ಜೀವಕಣಗಳನ್ನು ಪ್ರಯೋಗಶಾಲೆಯಲ್ಲಿಯೇ ಬೆಳೆಸಿದರು. ಮನುಷ್ಯರ ದೊಡ್ಡಕರುಳಿನ ಅರ್ಬುದಗಳಿಂದ ಪಡೆದ ‘ಕ್ಯಾಕೋ-೨’, ‘ಟಿ-೮೪’ ಎಂಬ ತಳಿಗಳು ಇದರಲ್ಲಿ ಪ್ರಸಿದ್ಧವಾದುವು. ಸೂಕ್ಷ್ಮರಂಧ್ರಗಳುಳ್ಳ ಜಾಲರಿಯ ಮೇಲೆ ಅವು ಒತ್ತೊತ್ತಾಗಿ ಬೆಳೆದು ಒಂದೇ ಪದರವಾಗುತ್ತವೆ. ಅದರ ಮೇಲುಕೆಳಗುಗಳ ನಡುವೆ ಅಯಾನುಗಳ ಸಂಚಾರವನ್ನು ಅಳೆಯಬಹುದು. ಜಾಲರಿಯ ಬದಲು ರಂಧ್ರವಿಲ್ಲದ ತಳದ ಮೇಲೆ ‘ಕ್ಯಾಕೋ-೨’ನ್ನು ಬೆಳೆಸಿದರೆ, ಪದರವು ಮೇಲಿನ ಲವಣಜಲವನ್ನು ಕೆಳಕ್ಕೆ ಸಾಗಿಸಿ, ಆ ನೀರು ಹೋಗಲೆಡೆಯಿಲ್ಲದೆ ಪದರವು ಅಲ್ಲಲ್ಲಿ ಗುಮ್ಮಟದಂತೆ ಉಬ್ಬಿ ನಿಲ್ಲುವುದು. ದೇಹದಿಂದ ಬೇರ್ಪಟ್ಟರೂ ತನ್ನ ಕೆಲಸವನ್ನು ಬಿಡದ ಪೊರೆಗೆ ಇದಕ್ಕಿಂತ ಸ್ಫುಟವಾದ ನಿದರ್ಶನವು ಬೇಡ. ‘ಟಿ-೮೪’ರಲ್ಲಿ ೧೯೮೦ರ ದಶಕದಿಂದ ನಡೆದ ಪ್ರಯೋಗಗಳು ಕ್ಲೋರೈಡು ಹೊರಬರುವ ಬಗೆಯನ್ನು ವಿಶದಪಡಿಸಿದುವು.

೭

ಚಿಕಿತ್ಸೆಯು ಸಿದ್ಧಾಂತದ ನೆರಳಿನಲ್ಲಿಯೇ ಬೆಳೆಯಲಿಲ್ಲವೆಂಬುದನ್ನೂ ಹೇಳಬೇಕು. ಕಲಕತ್ತೆಯ ಹೇಮೇಂದ್ರನಾಥ ಚಟರ್ಜಿಯವರು ಉಪ್ಪನ್ನೂ ಗ್ಲೂಕೋಸನ್ನೂ ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸಿ ಗುಣಪಡಿಸಿದುದನ್ನು ೧೯೫೩ರಲ್ಲಿಯೇ ಪ್ರಕಟಿಸಿದ್ದರು. ಅದರೊಡನೆ ಅವರು ದೊಡ್ಡಪತ್ರೆಯ ರಸವನ್ನೂ ಉಪಯೋಗಿಸಿದ್ದರು. ಹೋದ ನೀರು ಎಷ್ಟು, ಬಂದ ನೀರು ಎಷ್ಟು ಎಂಬ ಅಳತೆಯನ್ನು ಕೊಡದಿದ್ದುದರಿಂದ ಅವರ ಮಾತಿಗೆ ವಿದೇಶದಲ್ಲಿ ಮನ್ನಣೆ ದೊರೆಯಲಿಲ್ಲ. ಮನೀಲಾದಲ್ಲಿ ಫಿಲಿಪ್ಸ್ ಎಂಬವರು ಗ್ಲೂಕೋಸಿನ ಗುಣವನ್ನು ಕಂಡರಾದರೂ, ಅತಿ ಸಾಂದ್ರವಾದ ದ್ರವವನ್ನು ಕೊಟ್ಟ ಪ್ರಯೋಗದಲ್ಲಿ ಕೆಲವು ಮರಣಗಳು ಸಂಭವಿಸಿ ಹಿಂಜರಿದರು. ೧೯೬೮ರಲ್ಲಿ ಢಾಕಾದ ನೇಲಿನ್ ಮತ್ತು ಕ್ಯಾಶ್ ಎಂಬವರು, ಹೊರಹೋದಷ್ಟನ್ನೇ ಅಳೆದು ಕುಡಿಸುವ ಕ್ರಮದಿಂದ ಸಂಶಯವನ್ನು ನೀಗಿದರು.

೧೯೭೧ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಲ್ಲಿ ವಾಂತಿಭೇದಿಯು ಹಬ್ಬಿ, ಬನಗಾಂವ್‌ನಲ್ಲಿ ನಾಳಕ್ಕೆ ಕೊಡುವ ದ್ರವವು ಮುಗಿದುಹೋದಾಗ, ದಿಲೀಪ ಮಹಲನಬೀಸ್ ಅವರು ಲೀಟರು ನೀರಿಗೆ ೨೨ ಗ್ರಾಂ ಗ್ಲೂಕೋಸು, ೩.೫ ಗ್ರಾಂ ಅಡಿಗೆಯುಪ್ಪು, ೨.೫ ಗ್ರಾಂ ಅಡಿಗೆಸೋಡಾ ಬೆರೆಸಿ ಪೀಪಾಯಿಗಳಲ್ಲಿ ತುಂಬಿಸಿದರು. ಕುಡಿಸಿದವರು ರೋಗಿಗಳ ತಾಯಂದಿರೂ ಬಂಧುಗಳೂ. ನೂರಕ್ಕೆ ಸುಮಾರು ೩೦ರಷ್ಟಿದ್ದ ಮರಣಪ್ರಮಾಣವು ನೂರಕ್ಕೆ ೪ಕ್ಕೂ ಕೆಳಗಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯು ಇಂತಹ ಮಿಶ್ರಣವನ್ನು ೧೯೭೦ರ ದಶಕದಲ್ಲಿ ಅಂಗೀಕರಿಸಿತು. ೨೦೦೨ರಲ್ಲಿ ಉಪ್ಪು ಸಕ್ಕರೆಗಳೆರಡನ್ನೂ ತಗ್ಗಿಸಿ, ಲೀಟರಿಗೆ ೨.೬ ಗ್ರಾಂ ಉಪ್ಪು, ೧೩.೫ ಗ್ರಾಂ ಗ್ಲೂಕೋಸು, ೧.೫ ಗ್ರಾಂ ಪೊಟ್ಯಾಸಿಯಂ ಕ್ಲೋರೈಡು, ೨.೯ ಗ್ರಾಂ ಸಿಟ್ರೇಟು ಎಂದು ಪ್ರಮಾಣವನ್ನು ನಿಶ್ಚಯಿಸಿತು.

೮

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಗಂಜಿಗೆ ಉಪ್ಪು ಹಾಕಿ ಕುಡಿಸುವುದು ಕನ್ನಡಿಗರ ಮನೆಗಳಲ್ಲಿ ಹಳೆಯ ರೂಢಿ; ಬಯಲುಸೀಮೆಯ ಜೋಳದ ಅಂಬಲಿಯೂ ಹಾಗೆಯೇ. ಧಾನ್ಯದ ಪಿಷ್ಟವು ಕರುಳಿನಲ್ಲಿ ಗ್ಲೂಕೋಸಾಗಿ ಒಡೆಯುವುದರಿಂದ ಅಕ್ಕಿಯ ಹಿಟ್ಟಿನ ದ್ರವವೂ ಫಲಕಾರಿಯೆಂದು ೧೯೮೨ರಲ್ಲಿ ಢಾಕಾದಿಂದ ವರದಿಯಾಯಿತು. ಹಾಗಾದರೆ ವಿಜ್ಞಾನವು ಹೊಸದಾಗಿ ಕೊಟ್ಟುದೇನು? ಈ ಮಾತು ಅರ್ಧ ಸತ್ಯ. ಪದಾರ್ಥಗಳು ಮನೆಯಲ್ಲಿದ್ದುವು, ಮೂರು ತಿಳಿವಳಿಕೆಗಳು ಇರಲಿಲ್ಲ. ರೋಗವು ಇಳಿದ ಮೇಲಲ್ಲ, ಭೇದಿಯು ಸುರಿಯುತ್ತಿರುವಾಗಲೇ ಕುಡಿಸಬೇಕೆಂಬುದು ಒಂದು. ಹೋದಷ್ಟನ್ನು ತುಂಬುವವರೆಗೂ ನಿಲ್ಲಿಸಬಾರದೆಂಬುದು ಎರಡು. ಉಪ್ಪಿಗೂ ಸಿಹಿಗೂ ನಿಯತವಾದ ಅಳತೆಯಿದೆಯೆಂಬುದು ಮೂರು. ಲಂಘನವನ್ನು ವಿಧಿಸಿದ ವೈದ್ಯರೂ ನೀರನ್ನು ತಡೆದ ಡಾಕ್ಟರರೂ ಈ ವಿಷಯದಲ್ಲಿ ಒಂದೇ ಪಂಕ್ತಿಯವರು.

ಮೂರನೆಯ ಅಂಶವು ನವಲಗುಂದದ ಬಯಲಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಸವಳು ಬಾವಿಯ ನೀರಿನಲ್ಲಿ ಆ ಪುಡಿಯನ್ನು ಕದಡಿದರೆ ಲವಣವು ಅಳತೆಯನ್ನು ಮೀರುವುದು. ಕೆರೆಯ ನೀರಿನಲ್ಲಿ ಕದಡಿದರೆ ರೋಗಾಣುವೇ ಮತ್ತೆ ಸೇರಬಹುದು. ಚಿಕಿತ್ಸೆಯು ಪೊಟ್ಟಣದಲ್ಲಿ ಬಂದರೂ ನೀರು ಊರಿನದೇ ಆಗಿರಬೇಕಷ್ಟೆ. ಮಲಪ್ರಭೆಯ ಕಾಲುವೆಗಳು ಬಂದ ಮೇಲೆ ಕೆರೆಗಳನ್ನು ತುಂಬಿಸಿಕೊಳ್ಳುವ ಸೌಕರ್ಯವಾಯಿತಾದರೂ ನೀರಿನ ಪ್ರಶ್ನೆಯು ಮುಗಿಯಲಿಲ್ಲ. ೧೯೮೦ರ ನವಲಗುಂದ-ನರಗುಂದಗಳ ರೈತರ ಬಂಡಾಯವೂ, ೨೦೧೫ರಿಂದ ಮಹದಾಯಿಯ ನೀರಿಗಾಗಿ ಅದೇ ಊರುಗಳಲ್ಲಿ ನಡೆದ ದೀರ್ಘ ಚಳವಳಿಯೂ ಅದಕ್ಕೆ ಸಾಕ್ಷಿ.

ಒಟ್ಟಿನಲ್ಲಿ, ೧೮೩೧ರಲ್ಲಿ ರೋಗದ ಸ್ವರೂಪವು ತಿಳಿದಿದ್ದರೂ ೧೯೭೧ರವರೆಗೆ ಹಳ್ಳಿಯ ರೋಗಿಗೆ ಅದರ ಫಲವು ಮುಟ್ಟಲಿಲ್ಲ. ಸತ್ತವರ ಕರುಳನ್ನು ನೋಡಿ ಬದುಕಿರುವವರ ಕರುಳನ್ನು ಊಹಿಸಿದುದೇ ಅದಕ್ಕೆ ಪ್ರಬಲವಾದ ಕಾರಣವೆಂದು ಮೇಲ್ಕಂಡ ವಿವೇಚನೆಯಿಂದ ಏರ್ಪಡುತ್ತದೆ. ಧಾರವಾಡ ಸೀಮೆಯ ಸಾವಿನ ನೋಂದಣಿಗಳನ್ನೂ, ಮಠಗಳ ಕಡತಗಳನ್ನೂ, ಹೊರಬೀಡಿನ ಸಂಪ್ರದಾಯಗಳನ್ನೂ, ಕೆರೆಗಳ ಇತಿಹಾಸದೊಡನೆ ಜೋಡಿಸಿ ಪರಿಶೀಲಿಸಿದರೆ, ಆ ಒಂದು ತಪ್ಪು ಅಭಿಪ್ರಾಯಕ್ಕೆ ಈ ನಾಡು ತೆತ್ತ ಬೆಲೆಯು ಊರೂರಿನ ಮಟ್ಟದಲ್ಲಿ ತಿಳಿದುಬಂದೀತು. ಶಾಸನಗಳಲ್ಲಿ ಕೆರೆಯ ದತ್ತಿಗಳನ್ನು ಓದಿದ ವಿದ್ವಾಂಸರು ಆ ಕೆರೆಗಳ ನೀರನ್ನು ಕುಡಿದವರ ಚರಿತ್ರೆಯನ್ನೂ ಕೈಗೊಳ್ಳುವುದು ಯುಕ್ತವಾಗಿದೆ.